ಚಿನ್ನದ ಊರಿಗೆ ಬಂದ ಐರಿಷ್ ಸಿಪಾಯಿ: ಹೆಸರು ರಸ್ತೆಗೆ, ಮರೆವು ಮನುಷ್ಯನಿಗೆ!

ಬೆಂಗಳೂರಿನ ಲ್ಯಾವೆಲ್ಲೆ ರೋಡು ಯಾರಿಗೆ ಗೊತ್ತಿಲ್ಲ ಹೇಳಿ! ಕಬ್ಬನ್ ಪಾರ್ಕಿನ ಮಗ್ಗುಲು, ಎಂ.ಜಿ. ರೋಡಿನ ನೆರೆ. ಮರದ ನೆರಳು, ಮಾರುದ್ದದ ಕಾರುಗಳು, ಒಳಗೆ ಕಾಲಿಡಲು ನಮ್ಮಂಥವರ ಜೇಬು ಹೆದರುವ ಹೋಟೆಲುಗಳು. ಅದೆಲ್ಲಾ ಸರಿ. ಆದರೆ ಈ ಲ್ಯಾವೆಲ್ಲೆ ಅಂದರೆ ಏನು ಸ್ವಾಮಿ? ಹೂವಾ? ಹಣ್ಣಾ? ಹೆಂಗಸಾ? ಗಂಡಸಾ?

ನಾಲ್ಕು ಊರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಇದೇ ಪ್ರಶ್ನೆ ಕೇಳಿದೆ. ಕೋಲಾರದಲ್ಲಿ ಒಬ್ಬ ಕಾಲೇಜು ಹುಡುಗ "ಹೋಟೆಲ್ ಅಲ್ವಾ ಅಣ್ಣಾ?" ಅಂದ. ಮಾಲೂರಿನಲ್ಲಿ ಹೆಂಚಿನ ಲೋಡಿಗೆ ಕಾಯುತ್ತಿದ್ದ ಲಾರಿ ಕ್ಲೀನರ್ "ಹೊಸಾ ಹೀರೋಯಿನ್ನಾ?" ಅಂತ ಕಣ್ಣರಳಿಸಿದ. ಮುಳಬಾಗಿಲಿನಲ್ಲಿ ದೋಸೆ ತಿನ್ನುತ್ತಿದ್ದವರು ತಲೆಯೆತ್ತಲೇ ಇಲ್ಲ. ಆ ದೋಸೆ ಮುಂದೆ ಇದ್ದಾಗ ಯಾರು ತಾನೇ ಎತ್ತುತ್ತಾರೆ! ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕೂತಿದ್ದ ಹಿರಿಯರೊಬ್ಬರು ಮಾತ್ರ, "ಕೆ.ಜಿ.ಎಫ್. ದೊರೆಗಳ ಪೈಕಿ ಯಾರೋ ಇರಬೇಕು ಕಣಪ್ಪಾ" ಅಂದರು. ಪರವಾಗಿಲ್ಲ, ಬಾಣ ಗುರಿಯ ಹತ್ತಿರ ಬಿತ್ತು.

ಆತ ಗಂಡಸು. ದೊರೆಯಲ್ಲ, ಸಿಪಾಯಿ. ಇಂಗ್ಲಿಷಿನವನೂ ಅಲ್ಲ, ಐರ್ಲೆಂಡಿನವನು. ಹೆಸರು ಮೈಕೆಲ್ ಫಿಟ್ಜೆರಾಲ್ಡ್ ಲ್ಯಾವೆಲ್ಲೆ. ಕೆ.ಜಿ.ಎಫ್. ಅನ್ನುವ ಮೂರಕ್ಷರ ಕೇಳಿದ ಕೂಡಲೇ ಶಿಳ್ಳೆ ಹೊಡೆಯುವ ನಮ್ಮ ಹುಡುಗರಿಗೆ, ಆ ಮೂರಕ್ಷರದ ಹಿಂದಿನ ಈ ಮನುಷ್ಯನ ಕಥೆ ಹೇಳಬೇಕು ಅನ್ನಿಸಿತು. ಹೇಳುತ್ತೇನೆ, ಕೇಳಿ.

ಯುದ್ಧ ಮುಗಿಸಿ ಬಂದವನ ಕೈಗೆ ಒಂದು ಹಳೇ ಕಾಗದ

ಲ್ಯಾವೆಲ್ಲೆ ಬ್ರಿಟಿಷ್ ಸೈನ್ಯದಲ್ಲಿದ್ದವನು. ನ್ಯೂಜಿಲೆಂಡಿನಲ್ಲಿ ಮಾವೊರಿ ಜನರ ಮೇಲೆ ಬ್ರಿಟಿಷರು ನಡೆಸಿದ ಯುದ್ಧ ನೋಡಿ ಬಂದಿದ್ದ. ಮಾವೊರಿಗಳು ಆ ನೆಲದ ಮಕ್ಕಳು, ತಮ್ಮ ಜಮೀನು ಉಳಿಸಿಕೊಳ್ಳಲು ಹೋರಾಡಿದವರು. ನಮ್ಮ ಸಿನಿಮಾ ಲೆಕ್ಕದಲ್ಲಿ ಹೀರೋಗಳು ಅವರೇ. ಆ ಲೆಕ್ಕಕ್ಕೆ ನಮ್ಮ ಲ್ಯಾವೆಲ್ಲೆ ವಿಲನ್ ಕಡೆಯ ಫೈಟರ್! ಆದರೆ ಅವನದೇ ಐರ್ಲೆಂಡ್ ಕೂಡ ಇಂಗ್ಲಿಷರ ಕಾಲ ಕೆಳಗೇ ಇತ್ತು. ಬಡತನಕ್ಕೆ, ಹೊಟ್ಟೆಪಾಡಿಗೆ ಕೆಂಪು ಕೋಟು ಹಾಕಿಕೊಂಡು ಇನ್ನೊಬ್ಬರ ನೆಲ ಕಸಿಯಲು ಹೋದ ಐರಿಷ್ ಹುಡುಗರು ಒಬ್ಬಿಬ್ಬರಲ್ಲ, ಸಾವಿರಗಟ್ಟಲೆ. ಹೀರೋ ಯಾರು, ವಿಲನ್ ಯಾರು ಅಂತ ಅಷ್ಟು ಸಲೀಸಾಗಿ ಹೇಳೋಕಾಗಲ್ಲ ಗುರೂ.

ಸೈನ್ಯ ಬಿಟ್ಟು ಆತ ಬೆಂಗಳೂರು ದಂಡಿನಲ್ಲಿ ನೆಲೆ ನಿಂತ. 1871ರಲ್ಲಿ ಅವನ ಕಣ್ಣಿಗೆ ಒಂದು ಹಳೇ ಬರಹ ಬಿತ್ತು. ಬರೆದವನು ಜಾನ್ ವಾರನ್, 33ನೇ ರೆಜಿಮೆಂಟಿನ ಲೆಫ್ಟಿನೆಂಟ್. ಟಿಪ್ಪು ಮಡಿದದ್ದು 1799ರಲ್ಲಿ. ಆಮೇಲೆ ಮೈಸೂರು ಸೀಮೆಯ ಪೂರ್ವದ ಗಡಿ ಅಳೆಯಲು 1802ರಲ್ಲಿ ಬಂದವನು ಈ ವಾರನ್. ಕೋಲಾರದ ಕಡೆ ಜನ ಮಣ್ಣು ತೊಳೆದು ಚಿನ್ನ ತೆಗೆಯುತ್ತಾರಂತೆ ಅನ್ನುವ ಮಾತು ಅವನ ಕಿವಿಗೆ ಬಿತ್ತು. ಚಿನ್ನ ತೋರಿಸಿದವರಿಗೆ ಇನಾಮು ಅಂತ ಸಾರಿಸಿದ. ಹಳ್ಳಿಯವರು ಗಾಡಿಯಲ್ಲಿ ಮಣ್ಣು ತುಂಬಿಕೊಂಡು ಬಂದು, ಅವನ ಕಣ್ಣೆದುರೇ ತೊಳೆದು, ತಳದಲ್ಲಿ ಉಳಿದ ಹೊನ್ನಿನ ಪುಡಿ ತೋರಿಸಿದರು. ಸುಮಾರು 56 ಕಿಲೋ ಮಣ್ಣಿಗೆ ಒಂದೇ ಒಂದು ಕಾಳಿನಷ್ಟು! ಮಾರಿಕುಪ್ಪದ ಹತ್ತಿರ ಹಳೇ ಗುಂಡಿಗಳಿಗೆ ಇಳಿದು ಅಗೆಯುತ್ತಿದ್ದವರನ್ನೂ ವಾರನ್ ನೋಡಿದ. ಅಂದರೆ ನೆನಪಿಡಿ: ಕೋಲಾರದಲ್ಲಿ ಚಿನ್ನ "ಕಂಡುಹಿಡಿದವರು" ಬಿಳಿಯರಲ್ಲ. ಆಗಲೇ ತೊಳೆಯುತ್ತಿದ್ದವರು ನಮ್ಮವರು. ವಾರನ್ ಬರೆದಿಟ್ಟ, ಲ್ಯಾವೆಲ್ಲೆ ಓದಿದ. ತೊಳೆದವರ ಹೆಸರು ಮಾತ್ರ ಯಾವ ರಸ್ತೆಗೂ ಬರಲಿಲ್ಲ.

ಇನ್ನೊಂದು ತಮಾಷೆ. ಈ ವಾರನ್ ಫ್ರಾನ್ಸಿನ ಮನೆತನದವನು, ಆದರೆ ಆ ಮನೆತನದ ಬೇರು ಐರ್ಲೆಂಡಿನದೇ. ಮುಂದೆ ಮದರಾಸಿನ ವೀಕ್ಷಣಾಲಯದಲ್ಲಿ ನಕ್ಷತ್ರ ನೋಡುತ್ತಾ, ನಮ್ಮ ಪಂಚಾಂಗದ ಲೆಕ್ಕಾಚಾರದ ಬಗ್ಗೆ "ಕಾಲಸಂಕಲಿತ" ಅನ್ನುವ ದಪ್ಪ ಪುಸ್ತಕ ಬರೆದ. ಅವನ 33ನೇ ರೆಜಿಮೆಂಟಿನ ಕರ್ನಲ್ ಯಾರು ಗೊತ್ತೇ? ಆರ್ಥರ್ ವೆಲ್ಲೆಸ್ಲಿ. ಅವನು ಹುಟ್ಟಿದ್ದೂ ಐರ್ಲೆಂಡಿನಲ್ಲೇ! ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಇವನೇ.

ಎತ್ತಿನ ಗಾಡಿ, ಅರ್ಜಿ, ಲೈಸೆನ್ಸು

ಲ್ಯಾವೆಲ್ಲೆ ಸುಮ್ಮನೆ ಕೂರಲಿಲ್ಲ. ಎತ್ತಿನ ಗಾಡಿ ಹತ್ತಿ ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರು ಹೊರಟ. ಹಳೇ ಗುಂಡಿಗಳನ್ನೆಲ್ಲ ತಡಕಾಡಿದ. 1873ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿದ, ಗಣಿ ಅಗೆಯಲು ಅಪ್ಪಣೆ ಕೊಡಿ ಅಂತ. ಚಿನ್ನದಿಂದ ಏನೂ ಗಿಟ್ಟಲ್ಲ ಅಂತ ಅಧಿಕಾರಿಗಳ ಲೆಕ್ಕ. ಬೇಕಾದರೆ ಕಲ್ಲಿದ್ದಲು ಹುಡುಕು ಅಂದರು. ಸಿಪಾಯಿ ಪಟ್ಟು ಬಿಡಲಿಲ್ಲ. 1875ರ ಫೆಬ್ರವರಿಯಲ್ಲಿ 20 ವರ್ಷದ ಲೈಸೆನ್ಸು ಕೈಗೆ ಬಂತು. ಊರಿಗಾಂನಲ್ಲಿ ಮೊದಲ ಗುಂಡಿ ತೋಡಿದ.

ಈಗ ಹೀರೋ ಗೆದ್ದ, ಥಿಯೇಟರಿನಲ್ಲಿ ಚಪ್ಪಾಳೆ ಅಂದುಕೊಂಡಿರಾ? ಇಲ್ಲ ಸ್ವಾಮಿ. ಆಳಕ್ಕೆ ಇಳಿದಷ್ಟೂ ದುಡ್ಡು ಬೇಕು, ಯಂತ್ರ ಬೇಕು. ಸಿಪಾಯಿಯ ಗಂಟು ಎಷ್ಟು ದಿನ ಬಂದೀತು! ಎರಡೇ ವರ್ಷದಲ್ಲಿ ಹಕ್ಕು ದೊಡ್ಡ ಸೈನ್ಯಾಧಿಕಾರಿಗಳ ಕೈಗೆ ದಾಟಿತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟಿತು. ಆಮೇಲಿನದು ನಿಮಗೇ ಗೊತ್ತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಗಣಿ 3 ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿಯಿತು. ಸುಮಾರು 800 ಟನ್ ಚಿನ್ನ ಹೊರಗೆ ಬಂತು. 2001ರ ಫೆಬ್ರವರಿ 28ಕ್ಕೆ ಬಾಗಿಲು ಬಿತ್ತು.

ಲ್ಯಾವೆಲ್ಲೆಗೆ ಉಳಿದದ್ದು ಬೆಂಗಳೂರಿನಲ್ಲಿ "ಊರಿಗಾಂ ಹೌಸ್" ಅನ್ನುವ ಬಂಗಲೆ, ಮತ್ತು ಆ ಬಂಗಲೆಯ ರಸ್ತೆಗೆ ಅಂಟಿಕೊಂಡ ಹೆಸರು.

ತೆರೆಯ ಮೇಲೆ ಬಾರದ ಪಾತ್ರ

ನಮ್ಮ ಯಶ್ ನಟಿಸಿದ "ಕೆ.ಜಿ.ಎಫ್." 2018ರಲ್ಲಿ ಬಂತು, ಎರಡನೇ ಭಾಗ 2022ರಲ್ಲಿ. ಕೋಲಾರದ ಹೆಸರು ದೇಶವೆಲ್ಲಾ ಕುಣಿಯಿತು. ರಾಕಿ ಕಲ್ಪನೆಯ ಹುಡುಗ, ನರಾಚಿ ಕಲ್ಪನೆಯ ಗಣಿ. ಆದರೆ ಸೈನೈಡ್ ದಿಬ್ಬದ ಬಿಳಿ ಮಣ್ಣು ಮಾತ್ರ ನಿಜ. 2024ರಲ್ಲಿ ತಮಿಳಿನಲ್ಲಿ ಪ. ರಂಜಿತ್ ನಿರ್ದೇಶನದ "ತಂಗಲಾನ್" ಬಂತು. ವಿಕ್ರಮ್ ಮೈಗೆ ಮಣ್ಣು ಮೆತ್ತಿಕೊಂಡು ಚಿನ್ನ ಅಗೆದರು. ಮಣ್ಣು ತೊಳೆದವರ ಕಡೆಯಿಂದ ಕಥೆ ಹೇಳಿದ ಚಿತ್ರ ಅದು. ಅದರಲ್ಲಿ ಚಿನ್ನಕ್ಕೆ ಬೆನ್ನು ಬಿದ್ದ ಬಿಳಿಯನೊಬ್ಬ ಇದ್ದಾನೆ, ಆದರೆ ಅವನ ಹೆಸರು ಲ್ಯಾವೆಲ್ಲೆ ಅಲ್ಲ. ಮೂರೂ ಚಿತ್ರಗಳನ್ನು ನೋಡಿ ಹೊರಗೆ ಬಂದಾಗ ನನಗೆ ಅನ್ನಿಸಿದ್ದಿಷ್ಟು: ಸಿನಿಮಾ ಒಂದು ಊರಿಗೆ ಹೆಸರು ತಂದುಕೊಡುತ್ತೆ. ಆ ಊರಿನ ನೆನಪನ್ನು ಊರಿನವರೇ ಇಟ್ಟುಕೊಳ್ಳಬೇಕು.

ನೆನಪು ಎಷ್ಟು ಜಾರುವ ವಸ್ತು ನೋಡಿ. ನಮ್ಮ ಬಂಗಾರಪೇಟೆಯ ಹಳೇ ಹೆಸರು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರಾಗಿದ್ದ ಲೂಯಿನ್ ಬೌರಿಂಗ್ ಹೆಸರಿಗೆ ಕಟ್ಟಿದ ಊರು. ಜನ ಸೇರಿ ಬೌರಿಂಗನ್ನು ಬಂಗಾರ ಮಾಡಿಬಿಟ್ಟರು! ಈಗ ರೈಲು ಇಳಿಯುವವನಿಗೆ ಬೌರಿಂಗ್ ಬೇಕಿಲ್ಲ. ಅದು ಅನ್ಯಾಯ ಅಂತ ನಾನು ಹೇಳಲ್ಲ. ಆಳಿದವನ ಹೆಸರು ಅಳಿಸಿದರೆ ಊರಿಗೇನೂ ನಷ್ಟವಿಲ್ಲ. ಆದರೆ ಸಿಪಾಯಿಯ ಹೆಸರು ಅಳಿಸಿದರೆ? ಅದಕ್ಕೆ ಉತ್ತರ ಸಿಕ್ಕಿದ್ದು ಅವನದೇ ದೇಶದಲ್ಲಿ.

ಐರ್ಲೆಂಡ್ ತನ್ನ ಮಕ್ಕಳನ್ನು ಮರೆತದ್ದು

1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾಯಿತು. ಐರ್ಲೆಂಡಿನಿಂದ 2 ಲಕ್ಷಕ್ಕೂ ಹೆಚ್ಚು ಹುಡುಗರು ಬ್ರಿಟಿಷ್ ಸಮವಸ್ತ್ರ ಹಾಕಿಕೊಂಡು ಹೋದರು. ಅವರು ಅಲ್ಲಿ ಕಾದಾಡುತ್ತಿರುವಾಗಲೇ, 1916ರ ಈಸ್ಟರ್ ಹಬ್ಬದ ವಾರ ಡಬ್ಲಿನ್ ನಗರದಲ್ಲಿ ಅದೇ ಬ್ರಿಟಿಷರ ಮೇಲೆ ದಂಗೆ ಎದ್ದಿತು. ದಂಗೆಯ ನಾಯಕರನ್ನು ಗುಂಡಿಟ್ಟು ಕೊಂದರು. ಊರಿನ ಮನಸ್ಸೇ ತಿರುಗಿಹೋಯಿತು. ಯುದ್ಧ ಮುಗಿಸಿ ಮೆಡಲ್ ಹಾಕಿಕೊಂಡು ಬಂದ ಹುಡುಗ ರೈಲಿಳಿದರೆ, ಸ್ವಂತ ಊರೇ ಅವನನ್ನು ದ್ರೋಹಿ ಅನ್ನುವ ಕಣ್ಣಿನಿಂದ ನೋಡಿತು. ಹೋಗುವಾಗ ಬ್ಯಾಂಡು ಬಾರಿಸಿದ ಊರು, ಬರುವಾಗ ಬಾಗಿಲು ಹಾಕಿಕೊಂಡಿತು. ಎಷ್ಟೋ ಮಂದಿ ಮೆಡಲನ್ನು ಪೆಟ್ಟಿಗೆಯ ತಳಕ್ಕೆ ಹಾಕಿ ಬಾಯಿ ಮುಚ್ಚಿಕೊಂಡರು. ಮಕ್ಕಳಿಗೂ ಹೇಳಲಿಲ್ಲ.

ಇದೇ ಸಮಯದಲ್ಲಿ ನಮ್ಮ ದೇಶದಲ್ಲೂ ಒಂದು ಐರಿಷ್ ಕಥೆ ನಡೆಯಿತು. 1920ರ ಜೂನ್ ತಿಂಗಳು. ಪಂಜಾಬಿನ ಜಲಂಧರದಲ್ಲಿದ್ದ ಕನ್ನಾಟ್ ರೇಂಜರ್ಸ್ ಪಡೆಯ ಐರಿಷ್ ಸಿಪಾಯಿಗಳು, ನಮ್ಮ ಊರಿನಲ್ಲಿ ನೀವು ದಬ್ಬಾಳಿಕೆ ಮಾಡುವಾಗ ಇಲ್ಲಿ ನಾವು ನಿಮಗೆ ದುಡಿಯಲ್ಲ ಅಂತ ಬಂದೂಕು ಕೆಳಗಿಟ್ಟರು. ಸೋಲನ್ನಿಗೂ ಕಿಡಿ ಹಾರಿತು. ಅಲ್ಲಿ ಮುಂದೆ ನಿಂತ ಜೇಮ್ಸ್ ಡಾಲಿ ಅನ್ನುವ ಹುಡುಗನನ್ನು ಅದೇ ವರ್ಷದ ನವೆಂಬರ್ 2ರಂದು ಡಗ್‌ಶಾಯಿಯಲ್ಲಿ ಗುಂಡಿಟ್ಟು ಕೊಂದರು. 1970ರಲ್ಲಿ ಅವನ ಅಸ್ಥಿಯನ್ನು ಐರ್ಲೆಂಡಿಗೆ ಒಯ್ದು, ಗೌರವದಿಂದ ಮಣ್ಣು ಮಾಡಿದರು. ಬಂದೂಕು ಕೆಳಗಿಟ್ಟವನು ವೀರ, ಸರಿಯೇ. ಬಂದೂಕು ಹಿಡಿದೇ ಸತ್ತ ಸುಮಾರು 49,400 ಮಂದಿ?

ಅವರಿಗೂ ಡಬ್ಲಿನ್ನಿನಲ್ಲಿ ಒಂದು ತೋಟ ಕಟ್ಟಿದ್ದರು, 1930ರ ದಶಕದಲ್ಲಿ. ಅದರ ನಕ್ಷೆ ಬರೆದವನು ಎಡ್ವಿನ್ ಲುಟ್ಯೆನ್ಸ್. ಹೌದು, ದೆಹಲಿಯ ಇಂಡಿಯಾ ಗೇಟಿನ ನಕ್ಷೆ ಬರೆದನಲ್ಲ, ಅವನೇ! ಬ್ರಿಟಿಷರಿಗಾಗಿ ಸತ್ತ ನಮ್ಮ ಸಿಪಾಯಿಗಳಿಗೂ, ಅವರ ಸಿಪಾಯಿಗಳಿಗೂ ಒಬ್ಬನೇ ಮೇಸ್ತ್ರಿ. ನಮ್ಮ ಇಂಡಿಯಾ ಗೇಟು 1931ರಲ್ಲಿ ಉದ್ಘಾಟನೆಯಾಗಿ, ಮುಂದೆ ದೇಶದ ಗುರುತೇ ಆಗಿಹೋಯಿತು. ಡಬ್ಲಿನ್ನಿನ ತೋಟದ ಗತಿ ಬೇರೆ. ನೋಡುವವರಿಲ್ಲದೆ ಹಾಳು ಬಿತ್ತು, ಕಸ ಸುರಿಯುವ ಜಾಗವಾಯಿತು. ಕೊನೆಗೆ ಜನಕ್ಕೇ ಮನಸ್ಸು ಕಚ್ಚಿತು. ದುರಸ್ತಿ ಮಾಡಿ 1988ರ ಸೆಪ್ಟೆಂಬರಿನಲ್ಲಿ ಮತ್ತೆ ಅರ್ಪಿಸಿದರು. 2011ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ರಾಣಿ ಎಲಿಜಬೆತ್ ಅಲ್ಲಿಗೆ ಬಂದು, ಐರ್ಲೆಂಡಿನ ಅಧ್ಯಕ್ಷೆಯ ಜೊತೆ ನಿಂತು ತಲೆ ಬಾಗಿಸಿದಳು. ಪೆಟ್ಟಿಗೆಯ ತಳದ ಮೆಡಲುಗಳು ಮೊಮ್ಮಕ್ಕಳ ಕೈಗೆ ಬಂದವು.

ಇದರಿಂದ ನನಗೆ ತಿಳಿದದ್ದು ಇಷ್ಟು. ಸಿಪಾಯಿ ಹೋರಾಡಿದ ಕಾರಣ ಸರಿಯೋ ತಪ್ಪೋ ಅನ್ನುವ ಜಗಳ ಬೇರೆ. ಆ ಜಗಳ ನೂರು ವರ್ಷ ನಡೆಯಲಿ. ಆದರೆ ಸತ್ತವನಿಗೂ ಒಂದು ಹೆಸರಿತ್ತು, ಕಾದು ಕೂತ ಒಬ್ಬ ತಾಯಿ ಇದ್ದಳು. ಆ ಹೆಸರು ಓದುವುದಕ್ಕೆ ಊರಿಗೆ ನಾಚಿಕೆ ಯಾಕೆ?

ನಮ್ಮಲ್ಲಿ ನಾಯಿಗೂ ಕಲ್ಲಿತ್ತು!

ಈಗ ಮತ್ತೆ ಲ್ಯಾವೆಲ್ಲೆ ರೋಡಿಗೆ ಬನ್ನಿ. ಅದರ ಕೊನೆಯಿಂದ ಒಂದು ಕೂಗಳತೆಯಲ್ಲಿ, ಕಸ್ತೂರಬಾ ರಸ್ತೆಯಲ್ಲಿ ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ಮಂಡ್ಯ ಸೀಮೆಯ ಆತಕೂರಿನ ಕಲ್ಲು ಆ ಸಂಗ್ರಹದ್ದು. ಸುಮಾರು ಕ್ರಿ.ಶ. 949ರದು. ಗಂಗರ ದೊರೆ ಬೂತುಗನ ಕಡೆ ಮಣಲೆರ ಅನ್ನುವ ವೀರ ಯುದ್ಧದಲ್ಲಿ ಪರಾಕ್ರಮ ತೋರಿಸಿದ. ಏನು ಬೇಕು ಕೇಳು ಅಂದರೆ, ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನುವ ನಾಯಿಯನ್ನು ಕೇಳಿದ! ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿ, ಎರಡೂ ಸತ್ತವು. ಕಾಳಿಯ ನೆನಪಿಗೆ ಕಲ್ಲು ನೆಟ್ಟು, ಪೂಜೆಗೆ ಜಮೀನು ಬಿಟ್ಟರು. ಸಾವಿರ ವರ್ಷದ ಹಿಂದೆ ನಮ್ಮವರು ಒಂದು ನಾಯಿಯ ಹೆಸರನ್ನೂ ಬಿಡದೆ ಬರೆದರು ಸ್ವಾಮಿ!

ನಮ್ಮ ಕೋಲಾರ ಜಿಲ್ಲೆಯಂತೂ ವೀರಗಲ್ಲಿನ ಕಣಜ. ಕೋಲಾರದ ಹಳೇ ಹೆಸರು ಕುವಳಾಲ. ಗಂಗ ದೊರೆಗಳು ತಮ್ಮನ್ನು "ಕುವಳಾಲಪುರವರೇಶ್ವರ" ಅಂತ ಕರೆದುಕೊಂಡರು. ಗಂಗರು, ಬಾಣರು, ನೊಳಂಬರು, ವೈದುಂಬರು ಈ ನೆಲಕ್ಕೆ ಕಾದಾಡಿದವರು. ಆವನಿಯ ಬೆಟ್ಟದ ಕೆಳಗಿನ ಗುಡಿಗಳು ನೊಳಂಬರ ಕಾಲದ್ದು. ಆದರೆ ವೀರಗಲ್ಲಿನ ಮೇಲೆ ಇರುವವನು ದೊರೆಯಲ್ಲ. ದನ ಹೊಡೆದುಕೊಂಡು ಹೋಗುವ ಕಳ್ಳರಿಗೆ ಅಡ್ಡ ನಿಂತವನು. ಊರಿಗೆ ಬೆಂಕಿ ಬಿದ್ದ ದಿನ ಓಡದೆ ಉಳಿದವನು. ಹೆಣ್ಣಿನ ಮಾನಕ್ಕೆ ಕೈ ಹಾಕಿದವರ ಮೇಲೆ ಬಿದ್ದವನು. ಸಾಮಾನ್ಯವಾಗಿ ಕಲ್ಲಿನಲ್ಲಿ ಮೂರು ಅಂಕಣ. ಕೆಳಗೆ ಫೈಟ್ ಸೀನು. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವ ಸೀನು. ಮೇಲೆ ಕೈಲಾಸ, ಶಿವಲಿಂಗದ ಮುಂದೆ ಅವನು. ಮೂರೇ ಶಾಟಿನಲ್ಲಿ ಇಡೀ ಸಿನಿಮಾ!

ಇನ್ನೂ ದೊಡ್ಡ ಮಾತು ಬೇರೆ ಇದೆ. ಕಲ್ಲು ನೆಟ್ಟು ಕೈ ತೊಳೆದುಕೊಳ್ಳಲಿಲ್ಲ ಅವರು. ಸತ್ತವನ ಮನೆಗೆ ಜಮೀನು ಬಿಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಅನ್ನುವ ಹೆಸರು, ಇನ್ನೂ ಹಿಂದೆ ಬಾಳ್ಗಳ್ಚು ಅಂತಿದ್ದರು. ಕತ್ತಿ ತೊಳೆದು ಕೊಟ್ಟ ದಾನ ಅಂತ ಅರ್ಥ. ಸ್ಮಾರಕ ಅಂದರೆ ಬರೀ ಹಾರ ಅಲ್ಲ, ಉಳಿದವರ ಅನ್ನ. ಕೆ.ಜಿ.ಎಫ್. ಗಣಿಯ ಆಳದಲ್ಲಿ ಬಂಡೆ ಸಿಡಿದು ಸತ್ತ ಕೂಲಿಯವರನ್ನೂ, 2001ರ ನಂತರ ಆ ಸಾಲು ಮನೆಗಳಲ್ಲಿ ಉಳಿದ ಅವರ ಹೆಂಡತಿ ಮಕ್ಕಳನ್ನೂ ನೆನೆಸಿಕೊಂಡಾಗ ಈ ಪದ ಎದೆಗೆ ಚುಚ್ಚುತ್ತೆ. ಅವರೂ ಒಂದು ಥರ ಸಿಪಾಯಿಗಳೇ ಅಲ್ಲವೇ?

ಮುಳಬಾಗಿಲ ಬಂಡೆಯ ಮೇಲೆ ಕೂಗಿದವರು

ಮುಳಬಾಗಿಲಿನಲ್ಲಿ ದೋಸೆ ತಿಂದವರು ಒಮ್ಮೆ ತಲೆಯೆತ್ತಿ ಬಂಡೆ ನೋಡಿ. 1768ರ ಅಕ್ಟೋಬರ್ 4. ಒಂದು ಕಡೆ ನಮ್ಮ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ, ಇನ್ನೊಂದು ಕಡೆ ಕಂಪನಿಯ ಕರ್ನಲ್ ವುಡ್. ಹೈದರನ ದಂಡು ವುಡ್‌ನನ್ನು ಬಂಡೆಗಳ ನಡುವೆ ಅರೆಯುತ್ತಿತ್ತು. ಆಗ ಸಾಮಾನು ಕಾಯಲು ಹಿಂದೆ ಉಳಿದಿದ್ದ ಕ್ಯಾಪ್ಟನ್ ಬ್ರೂಕ್ ಒಂದು ಉಪಾಯ ಮಾಡಿದ. ತನ್ನ ಸಿಪಾಯಿಗಳೊಂದಿಗೆ ಎರಡು ಫಿರಂಗಿ ಎಳೆದುಕೊಂಡು ಬಂಡೆ ಹತ್ತಿ, "ಸ್ಮಿತ್! ಸ್ಮಿತ್!" ಅಂತ ಕೂಗಿಸಿದ. ಜನರಲ್ ಸ್ಮಿತ್ ದೊಡ್ಡ ಸೈನ್ಯದೊಡನೆ ಬಂದೇಬಿಟ್ಟ ಅಂತ ಹೈದರನ ದಂಡು ಹಿಂದಕ್ಕೆ ಸರಿಯಿತು. ಬರೀ ಒಂದು ಹೆಸರು ಕೂಗಿ ಯುದ್ಧದ ದಿಕ್ಕು ತಿರುಗಿಸಿದರು! ಇತಿಹಾಸದ ಪುಸ್ತಕ ತೆಗೆದರೆ ಬ್ರೂಕ್ ಇದ್ದಾನೆ, ವುಡ್ ಇದ್ದಾನೆ, ಅಲ್ಲಿಗೆ ಬಾರದೇ ಇದ್ದ ಸ್ಮಿತ್ ಕೂಡ ಇದ್ದಾನೆ. ಗಂಟಲು ಹರಿಯುವಂತೆ ಕೂಗಿದ ಸಿಪಾಯಿಗಳೂ, ಆ ಕಡೆ ಹೈದರನಿಗಾಗಿ ಸತ್ತವರೂ ಬರೀ ಲೆಕ್ಕದ ಅಂಕಿ.

ಅಭಿಮಾನಿಗಳೇ, ಇದು ನಿಮ್ಮ ಕೆಲಸ

ಕೊನೆಗೆ ನಿಮ್ಮ ಹತ್ತಿರ ಒಂದು ಮಾತು. ನೆನಪು ಇಟ್ಟುಕೊಳ್ಳುವುದು ಹೇಗೆ ಅಂತ ಸಿನಿಮಾ ಅಭಿಮಾನಿಗೆ ಯಾರೂ ಕಲಿಸಬೇಕಿಲ್ಲ. ನಲವತ್ತು ಅಡಿ ಕಟೌಟಿಗೆ ಹಗ್ಗ ಕಟ್ಟಿ ಹಾರ ಏರಿಸುವವರು ನೀವು. ಅಣ್ಣಾವ್ರು 2006ರಲ್ಲಿ ಹೋದರು, ವಿಷ್ಣು 2009ರಲ್ಲಿ ಹೋದರು, ಅಪ್ಪು 2021ರಲ್ಲಿ ಹೋದರು. ಒಂದು ಹುಟ್ಟುಹಬ್ಬವನ್ನಾದರೂ ತಪ್ಪಿಸಿದ್ದೀರಾ? ರಕ್ತದಾನ, ಅನ್ನದಾನ ಅಂತ ನೀವು ಮಾಡುವುದಿದೆಯಲ್ಲ, ಅದೇ ಹಳೇ ನೆತ್ತರುಗೊಡಗೆಯ ಮೊಮ್ಮಗ. 1990ರಲ್ಲಿ ರಾಜೇಂದ್ರಸಿಂಗ್ ಬಾಬು ಅವರ "ಮುತ್ತಿನ ಹಾರ"ದಲ್ಲಿ ವಿಷ್ಣು ಸೈನಿಕನಾಗಿ ಬಂದಾಗ ಕಣ್ಣೊರೆಸಿಕೊಂಡೇ ಥಿಯೇಟರಿನಿಂದ ಹೊರಗೆ ಬಂದ ಜನ ನಾವು. ಆದರೆ ಊರ ಮುಂದಿನ ವೀರಗಲ್ಲಿನ ಮೇಲೆ ಬಟ್ಟೆ ಒಗೆಯುತ್ತೇವೆ, ಎಮ್ಮೆ ಕಟ್ಟುತ್ತೇವೆ, ಚುನಾವಣೆ ಬಂದರೆ ಪೋಸ್ಟರು ಅಂಟಿಸುತ್ತೇವೆ.

ಹೆಚ್ಚೇನೂ ಬೇಡ. ನಿಮ್ಮ ಊರಿನ ಕಲ್ಲನ್ನು ನೀರಿನಲ್ಲಿ ತೊಳೆಯಿರಿ. ಸುಣ್ಣ, ಪೇಂಟು ಬಳಿಯಬೇಡಿ, ಉಜ್ಜಿ ಅಕ್ಷರ ಸವೆಸಬೇಡಿ. ನಿಧಿ ಇದೆ ಅಂತ ಅಗೆಯುವವರು ಬಂದರೆ ಅಡ್ಡ ನಿಲ್ಲಿ. ಫೋಟೋ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ. ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದ ಬಿ.ಎಲ್. ರೈಸ್ ಅನ್ನುವ ಪುಣ್ಯಾತ್ಮ ಹಳ್ಳಿ ಹಳ್ಳಿ ಅಲೆದು ಶಾಸನ ಓದಿಸಿ, ಕೋಲಾರ ಜಿಲ್ಲೆಗೇ ಒಂದು ಸಂಪುಟ ಮಾಡಿ 1905ರಲ್ಲಿ ಅಚ್ಚು ಹಾಕಿಸಿದ. ಎಪಿಗ್ರಾಫಿಯ ಕರ್ನಾಟಿಕದ 10ನೇ ಸಂಪುಟ. ದೊಡ್ಡ ಲೈಬ್ರರಿಗಳಲ್ಲಿ ಸಿಗುತ್ತೆ. ನಿಮ್ಮ ತಾಲ್ಲೂಕಿನ ಪುಟ ತೆಗೆದು ನಿಮ್ಮ ಊರಿನ ಹೆಸರು ಹುಡುಕಿ. ಸಿಕ್ಕರೆ, ಅಲ್ಲಿ ಒಬ್ಬ ಸತ್ತವನ ಹೆಸರೂ ಇರುತ್ತೆ.

ಲ್ಯಾವೆಲ್ಲೆಗೆ ರಸ್ತೆ ಇದೆ, ಇರಲಿ ಬಿಡಿ. ದೂರದ ಒಂದು ಬಡ ದೇಶದಿಂದ ಬಂದ ಸಿಪಾಯಿ, ಎತ್ತಿನ ಗಾಡಿಯಲ್ಲಿ ನಮ್ಮ ಧೂಳು ಕುಡಿದವನು. ಅವನ ಹೆಸರು ಅಳಿಸಿ ನಮಗೇನೂ ಆಗಬೇಕಿಲ್ಲ. ಅವನ ಜೊತೆಗೆ, ವಾರನ್ ಮುಂದೆ ಮಣ್ಣು ತೊಳೆದ ಮಾರಿಕುಪ್ಪದವರನ್ನೂ, ಗಣಿಯ ಕತ್ತಲಲ್ಲಿ ಉಳಿದವರನ್ನೂ, ದನಕ್ಕಾಗಿ ಸತ್ತು ಕಲ್ಲಾದವನನ್ನೂ ಒಂದೇ ಸಾಲಿನಲ್ಲಿ ಕೂರಿಸಿ. ಮುಂದಿನ ಸಲ ನಿಮ್ಮ ಹೀರೋಗೆ ನೂರು ಹಾರ ತಂದಾಗ, ಒಂದನ್ನು ಊರ ಮುಂದಿನ ಕಲ್ಲಿಗೆ ಉಳಿಸಿ. ಹಾಕುವ ಮೊದಲು ಹೆಸರು ಗಟ್ಟಿಯಾಗಿ ಓದಿ.